ಡಾಕ್ಟರಿಗೆ ಹೇಳಿದ ಪದ

ಮೊನ್ನೆ ಭಾನುವಾರ ಚಟ್ನಿಪುಡಿಗೆಂದು ಬೆಳ್ಳುಳ್ಳಿ ಸುಲಿದೆ. ಸಾಬೂನು ಹಚ್ಚಿ ತೊಳೆದರೂ ವಾಸನೆ ಬೆರಳು ಬಿಡಲಿಲ್ಲ. ಸಂಜೆ ಪುಸ್ತಕ ಹಿಡಿದು ಕೂತಾಗ ಅದು ಮತ್ತೆ ಮೂಗಿಗೆ ಬಡಿದು ಎದೆ ಧಸಕ್ಕೆಂದಿತು. ಬೆಳ್ಳುಳ್ಳಿಗೆ ಹೆದರುವವರು ಯಾರಾದರೂ ಇರುತ್ತಾರೆಯೇ? ನಾನಿದ್ದೇನೆ...

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ಎಂ.ಎ. ಓದಲು ಬಳ್ಳಾರಿಯಿಂದ ದಿಲ್ಲಿಗೆ ಹೋಗಿದ್ದೆ. ಅಲ್ಲಿನ ರೋಹಿಣಿ ಬಡಾವಣೆಯ ಒಂದು ಮನೆಯಲ್ಲಿ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಮೈಸೂರಿನವರು, ಮದುವೆಯಾಗಿ ಬಂದು, ಅಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಟೀಚರ್ ಎನ್ನುತ್ತಿದ್ದೆ.

ಕನ್ನಡ ಮಾಧ್ಯಮದಿಂದ ಹೋದ ನನಗೆ ತರಗತಿಯಲ್ಲಿ ಇಂಗ್ಲಿಷಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಕಾದಂಬರಿಯೂ ಗುಡ್, ಕವಿತೆಯೂ ಗುಡ್. ಇದು ತಿಳಿದ ಮೇಲೆ ಟೀಚರ್ ದಿನಾ ಸಂಜೆ ಚಹಾಕ್ಕೆ ಕರೆಯತೊಡಗಿದರು. ಆ ದಿನ ಬಸ್ಸಿನಲ್ಲಿ ಕಂಡ ಒಂದು ಮುಖವನ್ನು ಒಂದೇ ಇಂಗ್ಲಿಷ್ ವಿಶೇಷಣದಲ್ಲಿ ಅವರ ಮುಂದಿಡಬೇಕು. ಗುಡ್, ನೈಸ್ ಎಂದರೆ ಹತ್ತು ಎಸಳು ಬೆಳ್ಳುಳ್ಳಿ ಸುಲಿಯಬೇಕು.

"ನೈಸ್ ಅಂತೆ! ಬಿಸ್ಕತ್ತೂ ನೈಸು, ನಾಳೆ ಗಂಡನಾಗಿ ಬರೋನೂ ನೈಸು, ಅಲ್ವೇನೇ? ತಗೋ, ಸುಲಿ. ಡಿಕ್ಷನರಿ ಆಮೇಲೆ. ಮೊದಲು ಮುಖ ನೋಡೋದು ಕಲಿ."

ಅವರು ತಪ್ಪು ಎಂದು ಹೇಳುತ್ತಿರಲಿಲ್ಲ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟು ಸುಮ್ಮನೆ ಕಾಯುತ್ತಿದ್ದರು. ಆ ಕಾಯುವಿಕೆ ನನಗೆ ಬೈಗುಳಕ್ಕಿಂತ ಕಷ್ಟವಾಗಿತ್ತು. ಕೆಲವು ತಿಂಗಳಲ್ಲಿ ಒಂದು ಉಪಾಯ ಕಂಡುಕೊಂಡೆ. ಮುಖವನ್ನು ಕನ್ನಡದಲ್ಲಿ ಬಣ್ಣಿಸಿ, ಅವರೇ ಒಂದು ಪದ ಹೇಳುವವರೆಗೆ ತಡೆದು, ಅದನ್ನೇ ತಿರುಗಿ ಹೇಳುವುದು.

"ಅಚ್ಛಾ, ನನ್ನದನ್ನೇ ನನಗೆ ವಾಪಸ್ ಕೊಡ್ತೀಯಾ, ಗಿಳಿ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಉಪಾಯವನ್ನು ಮಾತ್ರ ಬಿಡಲಿಲ್ಲ.

ಎರಡನೆಯ ಚಳಿಗಾಲ. ಬೆಳಗಿನ ಹತ್ತಾದರೂ ಮಂಜು ಕರಗಿರಲಿಲ್ಲ, ಎದುರುಮನೆಯ ಗೇಟು ಕಾಣುತ್ತಿರಲಿಲ್ಲ. ಕಾಲೇಜಿಗೆ ಹೊರಟವಳು ಕೆಳಗಿಳಿದಾಗ ಟೀಚರ್ ದಿವಾನದ ಮೇಲೆ ಎದೆಗೆ ಅಂಗೈ ಒತ್ತಿಕೊಂಡು ಕೂತಿದ್ದರು. ನಾನು ಎರಡು ಸ್ವೆಟರ್ ಹಾಕಿದ್ದೆ. ಅವರ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾರ್ಕೆಟ್ಟಿನ ಡಾಕ್ಟರಿಗೆ ಫೋನ್ ಮಾಡಿದೆ.

"ದರ್ದ್ ಕೈಸಾ ಹೈ, ಬೇಟಾ? ಮೈಲ್ಡ್? ಸಿವಿಯರ್?"

ರಿಸೀವರಿಗೆ ಕೈ ಅಡ್ಡ ಹಿಡಿದು, ನೋವು ಹೇಗಿದೆ ಎಂದು ಟೀಚರನ್ನು ಕೇಳಿದೆ. ಸಿವಿಯರ್ ಎಂಬ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಮುಖ ನೋಡಿದರೆ ಬೇರೆ ಪದವೇ ಇರಲಿಲ್ಲ.

"ಮೈಲ್ಡ್ ಅಂತ ಹೇಳು" ಎಂದರು. "ಸುಮ್ನೆ ದೊಡ್ಡ ಪದ ಹಾಕ್ಬೇಡ."

"ಮೈಲ್ಡ್, ಡಾಕ್ಟರ್ ಸಾಬ್" ಎಂದೆ.

ಹಾಗಾದರೆ ಗ್ಯಾಸ್ ಇರಬಹುದು, ಮಂಜು ಕರಗಿದ ಮೇಲೆ ಕರೆದುಕೊಂಡು ಬಾ ಎಂದರು ಡಾಕ್ಟರ್. ನಾನು ಟೀಚರ್ ಪಕ್ಕದಲ್ಲಿ ಕೂತೆ. ಕಿಟಕಿಯನ್ನೂ ಅವರ ಮುಖವನ್ನೂ ಸರದಿಯಲ್ಲಿ ನೋಡುತ್ತ ಕೂತೆ. ಇನ್ನೊಮ್ಮೆ ಫೋನ್ ಮಾಡಲೇ ಎಂದು ಎಷ್ಟು ಸಲ ಅನ್ನಿಸಿತೋ... ಅವರ ಮಾತನ್ನು ತಿದ್ದಲು ನಾನು ಯಾರು? ಒಂದು ಗಂಟೆ ಕಳೆದಿರಬೇಕು. ಅವರು ನನ್ನ ಮೊಣಕೈ ಹಿಡಿದರು, ಹಿಡಿತ ಸಡಿಲವಾಯಿತು.

ಪಕ್ಕದ ಮನೆಯ ಭಯ್ಯಾ ಕಾರು ತೆಗೆದರು. ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರ್ ನಾಡಿ ಹಿಡಿದು, ಕಣ್ಣಿಗೆ ಟಾರ್ಚ್ ಬಿಟ್ಟು, ನೋವು ಹೇಗಿತ್ತು ಎಂದು ಕೇಳಿದ. ಸಿವಿಯರ್ ಎಂದೆ. ಆತ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ.

ಇದೆಲ್ಲ ಹೀಗೆಯೇ ನಡೆಯಿತೇ? ಆ ದಿನದ ಡೈರಿಯಲ್ಲಿರುವುದು ಎರಡೇ ಪದ: "ಟೀಚರ್ ಹೋದರು." ಮೈಲ್ಡ್ ಅಂತ ಹೇಳು ಎಂದು ಅವರು ನಿಜಕ್ಕೂ ಹೇಳಿದ್ದರೇ? ಸುಮ್ಮನೆ ಕೈ ಅಲ್ಲಾಡಿಸಿದ್ದನ್ನು ನಾನು ಹಾಗೆ ತಿಳಿದೆನೇ? ನನ್ನ ಪಾಲು ಹಗುರಾಗಲೆಂದು ವರ್ಷಗಳುದ್ದಕ್ಕೂ ಆ ಮಾತನ್ನು ಅವರ ಬಾಯಿಗೆ ತುರುಕಿದೆನೋ ಏನೋ. ಬೆವರು ಮಾತ್ರ ನಿಜ. ಅದನ್ನು ನಾನು ನೋಡಿದ್ದೆ.

ಮಧ್ಯಾಹ್ನ ಫರೀದಾಬಾದಿನಿಂದ ಅವರ ಮಗಳು ಬಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು.

"ಸಚ್ ಹೇಳು, ಅಮ್ಮಂಗೆ ತುಂಬಾ ನೋವಾಯ್ತಾ?"

"ಇಲ್ಲ ಅಕ್ಕ, ಸ್ವಲ್ಪವೇ."

ಅವರು ನನ್ನ ಹೆಗಲಿಗೆ ತಲೆಯಿಟ್ಟು ಅತ್ತರು. ನಾನು ಹತ್ತಿರವಿದ್ದದ್ದು ಪುಣ್ಯ ಎಂದರು.

ಈಗ ನನಗೂ ಕನ್ನಡಕ ಬಂದಿದೆ. ಪ್ರತಿ ಹೊಸ ವರ್ಷಕ್ಕೆ ಆ ಅಕ್ಕ ಸಂದೇಶ ಕಳಿಸುತ್ತಾರೆ, ಅಮ್ಮನನ್ನು ನೆನೆಯುತ್ತಾರೆ, ನನಗೆ ಥ್ಯಾಂಕ್ಸ್ ಹೇಳುತ್ತಾರೆ. ಉತ್ತರಕ್ಕೆಂದು ಫೋನ್ ತೆಗೆದುಕೊಳ್ಳುತ್ತೇನೆ. ಬರೆಯಬೇಕಾದ ಪದ ಯಾವುದೆಂದು ಗೊತ್ತು. ಕೈ ಜೋಡಿಸಿದ ಚಿತ್ರವೊಂದನ್ನು ಕಳಿಸಿ ಫೋನ್ ಬೋರಲು ಹಾಕುತ್ತೇನೆ.