ಮುಖ ನೋಡಿ ಕಹಿ ಅಳೆಯುವ ಲಿನ್ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಂಗ್‌ಕಾಂಗ್‌ನ ಶಾಮ್ ಶುಯಿ ಪೊ ಬಡಾವಣೆಯ ಈ ಓಣಿಯಲ್ಲಿ ಸದ್ಯಕ್ಕೆ ಬೆಕ್ಕುಗಳದ್ದೇ ಕಾರುಬಾರು. ಮಕ್ ಸಾವ್-ಲಿನ್ ಮಾತ್ರ ಆಗಲೇ ಹಿತ್ತಾಳೆ ಹಂಡೆಯ ಮುಂದೆ ನಿಂತಿದ್ದಾರೆ. ಒಣಗಿದ ಬೇರು, ತೊಗಟೆ, ಎಲೆ, ಹೂವು ಕುದಿಯುತ್ತಿವೆ. ಬಣ್ಣ ಥೇಟ್ ಡಾಂಬರಿನದು. ಹೆಸರು ‘ಇಪ್ಪತ್ತನಾಲ್ಕು ರುಚಿಯ ಚಹಾ’. ನಾಲಿಗೆಗೆ ಸಿಗುವುದು ಕಹಿಯೊಂದೇ. ಉಳಿದ ಇಪ್ಪತ್ತಮೂರು ಕಾಯಂ ರಜೆಯ ಮೇಲಿವೆ.

ರಾತ್ರಿಯಿಡೀ ಮಾಜಾಂಗ್ ಆಡಿ, ಕರಿದದ್ದು ತಿಂದು ಉಷ್ಣ ಮಾಡಿಕೊಂಡವರು, ಬಾಯಿಹುಣ್ಣಿನವರು, ಗಂಟಲು ಕೆರೆತದವರು ಒಬ್ಬೊಬ್ಬರಾಗಿ ಬಂದು ಸಾಲು ನಿಲ್ಲುತ್ತಾರೆ. ಎಲ್ಲರಿಗೂ ಅವರು ‘ಲಿನ್ ಅಕ್ಕ’. ಬಂದವರಿಗೆ ಅಕ್ಕನ ಮೊದಲ ಮಾತು, “ನಾಲಿಗೆ ತೋರ್ಸು.” ಬಿಳಿಚಿಕೊಂಡ ಹುಡುಗಿಯೊಬ್ಬಳು ಬಟ್ಟಲು ಕೇಳಿದರೆ ಕೊಡುವುದಿಲ್ಲ.

“ನಿನ್ನ ಮೈಯೇ ತಣ್ಣಗಿದೆ. ಇನ್ನೂ ತಂಪು ಮಾಡ್ಕೊಂಡು ಐಸ್ ಆಗ್ತೀಯಾ? ಹೋಗು, ಶುಂಠಿ ಹಾಕಿದ ಗಂಜಿ ಕುಡಿ.”

“ದುಡ್ಡು ಕೊಡ್ತೀನಲ್ಲ ಅಕ್ಕ.”

“ಅದನ್ನ ಗಂಜಿ ಅಂಗಡಿಗೆ ಕೊಡು.”

ಅಂಗಡಿ ಅತ್ತೆಯಿಂದ ಬಂದದ್ದು. ಸಕ್ಕರೆ ಸುರಿದ ಬಾಟಲಿ ಚಹಾ ಬಂದ ಮೇಲೆ ಮೂರು ಹಂಡೆ ಇದ್ದದ್ದು ಒಂದಕ್ಕಿಳಿದಿದೆ. ಅದಕ್ಕಿಂತ ದೊಡ್ಡ ಪೆಟ್ಟು ಕಳೆದ ಚಳಿಗಾಲದ ಜ್ವರದ್ದು. ಹೋಗುವಾಗ ಅದು ಅಕ್ಕನ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದೆ.

“ಕಹಿ ಮಾರೋಳಿಗೆ ಕಹಿನೇ ಗೊತ್ತಾಗಲ್ಲ ಅಂದ್ರೆ ಯಾರು ಕುಡೀತಾರೆ ಹೇಳು? ಹೆಚ್ಚಾದ್ರೆ ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ಕಮ್ಮಿಯಾದ್ರೆ ಬರೀ ಬಣ್ಣದ ನೀರು,” ಎನ್ನುತ್ತಾರೆ ಅಕ್ಕ, ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ.

ಈ ಗುಟ್ಟು ನನ್ನನ್ನು ಬಿಟ್ಟರೆ ಪಕ್ಕದ ಮೀನಂಗಡಿಯ ಟಾಂಗ್‌ಗೆ ಮಾತ್ರ ಗೊತ್ತು ಎಂದು ಅಕ್ಕನ ನಂಬಿಕೆ. ದಿನವೂ ಮೊದಲ ಬಟ್ಟಲು ಟಾಂಗ್‌ನದು. ಅವನ ಎಡಗಣ್ಣು ಮುಚ್ಚಿದರೆ ಹದ ಸರಿ. ಎರಡೂ ಮುಚ್ಚಿದರೆ ನೀರು ಬೆರೆಸಬೇಕು. ಯಾವುದೂ ಮುಚ್ಚದಿದ್ದರೆ ಇನ್ನಷ್ಟು ಕುದಿಸಬೇಕು. ಬೇರೆಯವರ ಮುಖ ನೋಡಿ ಪ್ರಯೋಜನವಿಲ್ಲ. ಹುಬ್ಬು ಅಲುಗಿಸದೆ ಒಂದೇ ಉಸಿರಿಗೆ ಬಟ್ಟಲು ಖಾಲಿ ಮಾಡುವುದು ಈ ಓಣಿಯ ಮರ್ಯಾದೆ. ಮುಖ ಕಿವುಚಿದವನಿಗೆ ವಾರವಿಡೀ ಗೇಲಿ. ಬಂದರಿನಲ್ಲಿ ಮೂಟೆ ಹೊತ್ತು ಮುದುಕರಾದ ಯಿಪ್ ತಾತ ಇದರಲ್ಲಿ ಎಲ್ಲರಿಗಿಂತ ಗಟ್ಟಿಗರು. ಅವರು ಕುಡಿಯುವುದೆಂದರೆ ಬಂಡೆಗೆ ಅಭಿಷೇಕ ಮಾಡಿದ ಹಾಗೆ.

ಇವತ್ತು ಟಾಂಗ್ ಇಲ್ಲ. ಮೊಮ್ಮಗಳು ಹುಟ್ಟಿ ತಿಂಗಳು ತುಂಬಿದ ಸಂಭ್ರಮ. ಕೆಂಪು ಬಣ್ಣ ಹಚ್ಚಿದ ಮೊಟ್ಟೆ ಹಂಚಲು ಮಗಳ ಮನೆಗೆ ಹೋಗಿದ್ದಾನೆ. ನಾನೇ ಒಂದು ಗುಟುಕು ಕುಡಿದು, ಟಾಂಗ್‌ನಂತೆಯೇ ಎಡಗಣ್ಣು ಮುಚ್ಚಿ ತೋರಿಸುತ್ತೇನೆ.

“ನಿಂದು ಟಾಂಗ್‌ನಿಂದ ತಂದ ಬಾಡಿಗೆ ಮುಖ. ನಂಬೋದು ಹೇಗೆ?” ಎನ್ನುತ್ತಾ ಅಕ್ಕ ಹಂಡೆಗೆ ಮುಚ್ಚಳ ಹಾಕಿ, ಅಂಗಡಿಯ ಬಾಗಿಲನ್ನು ಅರ್ಧ ಕೆಳಗೆಳೆಯುತ್ತಾರೆ. “ಇವತ್ತು ಬೇಡ. ಗೊತ್ತಿಲ್ದೆ ಯಾರ ಬಾಯಿಗೂ ಹಾಕಲ್ಲ.”

ಸಾಲಿನ ಮುಂದಿದ್ದ ಯಿಪ್ ತಾತ ಕೋಲು ಅಡ್ಡ ಇಡುತ್ತಾರೆ.

“ಒಂದು ಬಟ್ಟಲು ಹಾಕು.”

“ಹದ ನೋಡಿಲ್ಲ ತಾತ.”

“ಗೊತ್ತು. ಟಾಂಗ್ ಹತ್ರ ಮೀನೂ ಉಳಿಯಲ್ಲ, ಗುಟ್ಟೂ ಉಳಿಯಲ್ಲ. ಓಣಿಗೆಲ್ಲ ಗೊತ್ತು. ಹಾಕು.”

ಅಕ್ಕ ಸಾಲಿನತ್ತ ನೋಡುತ್ತಾರೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದಾರೆ. ಯಾರೂ ಸಾಲು ಬಿಟ್ಟು ಹೋಗಿಲ್ಲ. ಹಂಡೆಯ ಮುಚ್ಚಳ ತೆಗೆದು ಸೌಟು ಅದ್ದುತ್ತಾರೆ. ಅರ್ಧ ಬಟ್ಟಲು ಬಗ್ಗಿಸಿ ಕೊಡುತ್ತಾರೆ.

ತಾತ ಕುಡಿಯುತ್ತಾರೆ. ಮೊದಲು ಮೂಗು ಸುಕ್ಕಾಗುತ್ತದೆ, ಆಮೇಲೆ ಕೆನ್ನೆ, ಆಮೇಲೆ ಕಿವಿಗಳು ಕೂಡ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಯಾರೂ ನಗುವುದಿಲ್ಲ.

“ನಾಟಕ ಬೇಡ ತಾತ,” ಎನ್ನುತ್ತಾರೆ ಅಕ್ಕ.

“ಇಷ್ಟು ವರ್ಷ ಮಾಡಿದ್ದು ನಾಟಕ ಕಣಮ್ಮ. ಇದು ನಿಜವಾದ ಮುಖ. ನೀರು ಬೆರೆಸು.”

ಬೆರೆಸುತ್ತಾರೆ. ಎರಡನೇ ಸಲ ತಾತನ ಒಂದು ಕಣ್ಣು ಮಾತ್ರ ಮುಚ್ಚುತ್ತದೆ. ಬಾಗಿಲು ಮೇಲಕ್ಕೇರುತ್ತದೆ. ಹಿಂದಿನವರೂ ಕುಡಿದು, ಅಕ್ಕನಿಗೆ ಕಾಣುವ ಹಾಗೆ ನಿಂತು, ಸಂಕೋಚವಿಲ್ಲದೆ ಮುಖ ಕಿವುಚುತ್ತಾರೆ. ಬಾಯಿ ಸಿಹಿ ಮಾಡಿಕೊಳ್ಳಲು ಒಬ್ಬೊಬ್ಬರ ಕೈಗೂ ಒಂದು ಒಣ ಪ್ಲಮ್ ಹಣ್ಣು, ತಾತನಿಗೆ ಎರಡು.

ಹಂಡೆ ಖಾಲಿಯಾಗುವ ಹೊತ್ತಿಗೆ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ತಳದ ಕೊನೆಯ ಗುಟುಕನ್ನು ಬಾಯಿಗೆ ಹಾಕಿಕೊಂಡು ಅಕ್ಕ ಕಾಯುತ್ತಾರೆ. ಮುಖದ ಒಂದು ಗೆರೆಯೂ ಅಲುಗುವುದಿಲ್ಲ.

“ಒಂದೇ ಒಂದು ಸಲ,” ಎನ್ನುತ್ತಾರೆ ಬಟ್ಟಲು ತೊಳೆಯುತ್ತಾ, “ಯಿಪ್ ತಾತನ ಥರ ಮುಖ ಕಿವುಚ್ಬೇಕು.”