ತಪ್ಪು ಓದಿಸಿದ ಸಾಹೇಬರು

ಯಾರನ್ನೇ ಆಗಲಿ, ನಮ್ಮ ಸಾಹೇಬರು ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆಯೆಂದು ತೋರಿಸುವ ಪೋಲಾರಿಮೀಟರಿನ ಕಿಂಡಿಗೆ ಬಲಗಣ್ಣು ಹಚ್ಚಿ ಹಚ್ಚಿ ಬಂದ ರೂಢಿ ಅದು. ಚಹಾ ತಂದವನನ್ನೂ ಹಾಗೇ ನೋಡುವರು, ಎಂ.ಡಿ.ಯವರನ್ನೂ ಹಾಗೇ. ಎದುರಿಗೆ ನಿಂತವರಿಗೆ ತಾವೇನೋ ಕದ್ದಿದ್ದೇವೆ ಅನ್ನಿಸಿಬಿಡುತ್ತಿತ್ತು.

ಕಿತ್ತೂರಿನ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವರು ಚೀಫ್ ಕೆಮಿಸ್ಟ್. ನಾನು ಮುನವಳ್ಳಿಯಿಂದ ಹೋಗಿ ಅವರ ಕೈಕೆಳಗೆ ಸೇರಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರಿಗೆ ಯಾರ ಮೇಲೂ ನಂಬಿಕೆ ಇಲ್ಲ. ಒಂದೇ ಹಾಲನ್ನು ಎರಡು ಬಾಟಲಿಗೆ ಸುರಿದು, ಬೇರೆ ಬೇರೆ ಚೀಟಿ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ನಮ್ಮ ಮುಂದಿಡುವರು. ಎರಡರ ಅಂಕಿ ತಾಳೆಯಾಗಲಿಲ್ಲವೋ, ಕರೆ ಬಂತು. ಕೇಳುವ ಮೊದಲೇ ಕಾರಣ ಹೇಳಹೋದರೆ, "ಕುಂಬಳಕಾಯಿ ಕಳ್ಳ ಅಂದರ ನೀ ಯಾಕ ಹೆಗಲ ಮುಟ್ಟಿ ನೋಡ್ಕೊಳ್ತಿ?" ಅನ್ನುವರು. ಅವರೊಂದಿಗೆ ಇದ್ದು ಇದ್ದು ನನಗೂ ಆ ಸಂಶಯದ ರೋಗ ಅಂಟಿತ್ತು.

ಅವರ ನಿವೃತ್ತಿ ಹತ್ತಿರ ಬಂತು. ಅವರ ಜಾಗಕ್ಕೆ ಬರಲು ಮೂವರು ಸಂದರ್ಶನಕ್ಕೆ ಬರುವವರಿದ್ದರು. ಹಿಂದಿನ ದಿನ ಸಾಹೇಬರು ನನ್ನನ್ನು ಕರೆದರು.

"ನಾಳೆ ಲ್ಯಾಬಿನಾಗ ನೀ ನಿಂದರಬೇಕು. ಎಂ.ಡಿ.ಯವರೂ ಇರತಾರ. ಮೊದಲ ನೀ ಓದಿ ಅಂಕಿ ಹೇಳು, ಆಮ್ಯಾಲೆ ಬಂದಾಂವ ಓದಲಿ."

"ಆತ್ರಿ."

"ತಪ್ಪ ಅಂಕಿ ಹೇಳಬೇಕು."

ನಾನು ಅವರ ತೆರೆದ ಕಣ್ಣನ್ನೇ ನೋಡಿದೆ. ಏನೂ ತಿಳಿಯಲಿಲ್ಲ.

"ಈ ಮಾತು ಎಂ.ಡಿ.ಯವರಿಗೆ ಗೊತ್ತೇನ್ರಿ?"

"ಇಲ್ಲ. ಯಾರಿಗೂ ಹೇಳಬ್ಯಾಡ."

ಕಾಯಂ ಆಗಬೇಕಾದವಳು ಎಂ.ಡಿ.ಯವರ ಮುಂದೆಯೇ ತಪ್ಪು ಓದಬೇಕು. ಓದಿಸಿದವರು ಮರುತಿಂಗಳು ಊರಿಗೆ ಹೋಗುವವರು. ನನ್ನನ್ನು ಮನೆಗೆ ಕಳಿಸಲು ಇವರು ಹೂಡಿದ ಹೂಟವೇ ಇದು ಎಂದುಕೊಂಡೆ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಗಂಡ-ಹೆಂಡರ ಜಗಳದಾಗ ಕೂಸು ಬಡವಾತಂತ. ದೊಡ್ಡವರ ನಡುವ ನೀ ಬೀಳಬ್ಯಾಡವಾ" ಎಂದ. ಆದರೆ ಸಾಹೇಬರಿಗೆ ಒಲ್ಲೆ ಅನ್ನುವುದು ಹೇಗೆ?

ಮರುದಿನ ತಪ್ಪು ಅಂಕಿಯನ್ನೇ ಹೇಳಿದೆ. ಮೊದಲು ಬಂದವರು ಕಿಂಡಿಯಲ್ಲಿ ಇಣುಕಿದಂತೆ ಮಾಡಿ, "ಬರೋಬ್ಬರಿ ಐತಿ" ಎಂದರು. ಎರಡನೆಯವರು ಹೆಸರಾದ ಕಾರ್ಖಾನೆಯಿಂದ ಬಂದವರು. ಒಂದೇ ನೋಟಕ್ಕೆ ಸರಿಯಾದ ಅಂಕಿ ಹೇಳಿ, ನನ್ನ ಕಡೆಗೆ ಬೆರಳು ಮಾಡಿ, "ಇಂಥವರನ್ನ ಯಾಕ ಇಟ್ಕೊಂಡೀರ್ರಿ?" ಎಂದು ಗದರಿದರು. ಮೂರನೆಯವರು ಓದಿ, ಹಾಲು ತುಂಬಿದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ತಂಗಿ, ಕೊಳವಿಯೊಳಗ ಗಾಳಿಗುಳ್ಳಿ ಸೇರಿರಬೇಕು. ಇಬ್ಬರೂ ಕೂಡಿ ಇನ್ನೊಮ್ಮೆ ತುಂಬಿ ನೋಡೂಣು ಬರ್ರಿ" ಎಂದರು. ಗುಳ್ಳೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಎಲ್ಲರೂ ಹೋದ ಮೇಲೆ ಎಂ.ಡಿ.ಯವರು, "ಎರಡನೇವ್ರನ್ನs ತಗೊಳ್ಳೂಣು. ಕೆಲಸಾನೂ ಗೊತ್ತು, ಬಿಗಿನೂ ಐತಿ. ಈ ಹುಡುಗೀದು ಮಾತ್ರ ವಿಚಾರ ಮಾಡಬೇಕ್ರಿ" ಎಂದರು. ಸಾಹೇಬರು ಬಟ್ಟಲಿಗೆ ಚಹಾ ಸುರಿದುಕೊಂಡು ಊದುತ್ತಿದ್ದರು. ಈ ಮನುಷ್ಯ ಬಾಯಿ ಬಿಡುವುದಿಲ್ಲ, ನನ್ನ ಕಥೆ ಮುಗಿಯಿತು ಎಂದೇ ನಿಂತಿದ್ದೆ.

ಚಹಾ ಮುಗಿಸಿ ಅವರು ಬಟ್ಟಲು ಕೆಳಗಿಟ್ಟರು. "ತಪ್ಪ ಓದು ಅಂತ ನಾನs ಹೇಳಿದ್ದೆ. ನಾಳೆ ಬರೋವ್ರ ಕೈಯಾಗ ದುಡಿಯಾಕಿ ಈಕಿ, ನಾನಲ್ಲ, ನೀವೂ ಅಲ್ಲ. ಈಕಿನ್ನ ಕೇಳ್ರಿ."

ಎಂ.ಡಿ. ನನ್ನತ್ತ ತಿರುಗಿದರು. "ಮೂರನೇವ್ರರಿ," ಎಂದೆ. ಸಂಶಯ ಸುಮ್ಮನಿರಬೇಕಲ್ಲ, "ಆದರ ನಿಮ್ಮ ಮುಂದ ನಾಟಕ ಮಾಡಿದ್ರೂ ಮಾಡಿರಬಹುದ್ರಿ" ಎಂದೂ ಸೇರಿಸಿದೆ.

ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. "ನಾಟಕ ಮಾಡವಲ್ಲನ್ಯಾಕ, ಮಾಡಲಿ! ಸಣ್ಣವರ ಕೂಡ ಆ ನಾಟಕ ಆಡಬೇಕು ಅನ್ನೂದರ ಅವಗ ತಿಳದೈತಲ್ಲ."

ಮೂರನೆಯವರೇ ಬಂದರು. ನನ್ನ ನೌಕರಿಯೂ ಕಾಯಂ ಆಯಿತು. ಇಂದಿಗೂ ಅವರ ಕೈಕೆಳಗೇ ಇದ್ದೇನೆ. ನಾಟಕವಾಗಿದ್ದರೆ ಬಹಳ ಉದ್ದದ ನಾಟಕ.

ಸಾಹೇಬರು ತಮ್ಮೂರು ಚಚಡಿಗೆ ಹೋದರು. ಮುಂದಿನ ಕಬ್ಬು ನುರಿಸುವ ಹಂಗಾಮು ಸುರುವಾಗುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು. ಮಾತನಾಡಿಸಿ ಬರಲು ಹೋದಾಗ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

"ತಪ್ಪ ಓದಿದಾಕಿ ನೀನs ಏನವಾ? ಹಿಂದಿನ ದಿವಸ ಊಟಾನs ಸೇರಲಿಲ್ಲ ನಮ್ಮವರಿಗೆ. ಆ ಹುಡುಗಿ ನನ್ನ ನಂಬತಾಳೋ ಇಲ್ಲೋ, ನಂಬತಾಳೋ ಇಲ್ಲೋ, ಅದs ಒಂದು. ಮರುದಿವಸ ಮನಿಗೆ ಬಂದವರs, ನಂಬಿದಳು ನೋಡು ಅಂತ ಹೇಳಿ ಹೊಟ್ಟಿ ತುಂಬ ಉಂಡ್ರು."

ನಾನು ಅವರನ್ನು ನಂಬಿರಲಿಲ್ಲ. ಒಲ್ಲೆ ಅನ್ನುವ ಧೈರ್ಯ ಸಾಲಲಿಲ್ಲ, ಅಷ್ಟೇ. ಆ ತಾಯಿ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದ್ರಿ ಅವ್ವಾರ, ನಾನs," ಎಂದೆ.