ನಾಗಿ ಬಿದ್ದ ಹುಲ್ಲು

ಇವತ್ತು ಬೆಳಿಗ್ಗೆ ತಂಗಿ ನಾಗಿಯ ಜೊತೆ ನಮ್ಮೂರು ಕಾಸರಕೋಡಿನ ಕಡಲ ಮರಳಲ್ಲಿ ನಡೆಯುತ್ತಿದ್ದೆ. ಮುಳ್ಳುಮುಳ್ಳಾದ ಹುಲ್ಲಿನ ಚೆಂಡೊಂದು ಗಾಳಿಗೆ ಉರುಳಿ ಬಂದು ಕಾಲಿಗೆ ಚುಚ್ಚಿತು. ನೀವೂ ನೋಡಿರಬಹುದು; ಕೆಲವರು ಇದನ್ನು ರಾವಣನ ಮೀಸೆ ಎನ್ನುತ್ತಾರೆ. ಚುಚ್ಚಿದ್ದು ಕಾಲಿಗೆ, ಎದ್ದು ಕೂತದ್ದು ನಲವತ್ತರ ದಶಕ!

ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲ ತಲೆ ನನ್ನದು. ಹೇಳಿಕೊಳ್ಳುವುದಕ್ಕೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ನಮ್ಮೂರಿನ ಹುಲ್ಲೆಂದು ಇಂಥದೇ ಚೆಂಡೊಂದನ್ನು ಒಣಗಿಸಿ ಸಸ್ಯಶಾಸ್ತ್ರದ ಪ್ರೊಫೆಸರರಿಗೆ ಒಯ್ದುಕೊಟ್ಟಿದ್ದೆ. ಅವರು ಕನ್ನಡಕ ಏರಿಸಿ, "ಇದು ಹೆಣ್ಣು. ಈ ಹುಲ್ಲಿನಲ್ಲಿ ಗಂಡು ಗಿಡವೇ ಬೇರೆ. ಅದನ್ನೂ ತಂದರೆ ನಮ್ಮ ಸಂಗ್ರಹದ ಹಾಳೆಗೆ ಎರಡನ್ನೂ ಅಂಟಿಸೋಣ, ನಿಮ್ಮ ಹೆಸರು ಹಾಕಿ" ಎಂದರು. ಹಾಳೆಯ ಮೂಲೆಯ ಚೀಟಿಯಲ್ಲಿ ನಮ್ಮೂರು, ನನ್ನ ಹೆಸರು! ರಜೆ ಸಿಕ್ಕಿದ್ದೇ ತಡ, ಮನೆಗೆ ಓಡಿದೆ.

ಬಂದ ಕಾರಣ ಕೇಳಿ ಅವ್ವ ಒಲೆ ಊದುವುದನ್ನೇ ನಿಲ್ಲಿಸಿದಳು. "ತಂಗಿಗೊಂದು ಗಂಡು ನೋಡೋ ಅಂದ್ರೆ, ಹುಲ್ಲಿಗೆ ಗಂಡು ಹುಡ್ಕೂಕೆ ಬಂದ್ಯಾ?"

"ಹುಲ್ಲಿಗೇ ಮೊದ್ಲು ಆಗ್ಲಿ ಅವ್ವಾ, ನಂಗೆ ಅವಸರಿಲ್ಲ" ಎಂದು ನಾಗಿ ನನಗಿಂತ ಮುಂದೆ ಹೊರಟಳು.

ರಜೆಯುದ್ದಕ್ಕೂ ಹುಡುಕಿದ್ದೇ ಹುಡುಕಿದ್ದು. ನಾನೋ ಬೂಟು ಹಾಕಿದವ. ಓಡಿದರೆ ಮೀನು ಒಣಗಿಸುವವರು ನಕ್ಕಾರೆಂದು ಗಂಭೀರವಾಗಿ ನಡೆಯುತ್ತಿದ್ದೆ. ನಾಗಿ ಉರುಳುವ ಚೆಂಡುಗಳನ್ನೆಲ್ಲ ಬೆನ್ನಟ್ಟಿ ಹಿಡಿದು ತರುತ್ತಿದ್ದಳು. ಎಲ್ಲವೂ ಹೆಣ್ಣೇ! ಉರುಳುವುದು ಹೆಣ್ಣು ಮಾತ್ರ ಎಂದು ನಮಗೇನು ಗೊತ್ತು? ಮರುದಿನ ನಾನು ಹೊರಡಬೇಕು ಎನ್ನುವ ಸಂಜೆ, ಅವಳು ಎಡವಿ ಹುಲ್ಲಿನ ಪೊದೆಯ ಮೇಲೇ ಬಿದ್ದಳು.

"ಅಯ್ಯಯ್ಯೋ, ಸತ್ತೆ! ಎಂತ ನೋಡ್ತಿ, ಎತ್ತೋ ಅಣ್ಣಾ!"

ಎತ್ತುವುದು ಹೇಗೆ? ನನ್ನ ಕಣ್ಣು ಅವಳ ಸೆರಗಿನ ಮೇಲಿತ್ತು. ತುಂಬ ಹಳದಿ ಪುಡಿ. ಪರಾಗ! "ನಾಗೀ, ಗಂಡು ಸಿಕ್ತೇ!" ಎಂದು ಬೂಟು ಸಹಿತ ಕುಣಿದುಬಿಟ್ಟೆ. ಮೀನು ಹರಡುತ್ತಿದ್ದ ಹೆಂಗಸೊಬ್ಬಳು ಅಲ್ಲಿಂದಲೇ ಕೂಗಿದಳು: "ಯಾವೂರವ್ನು?"

ಈ ಕತೆ ಕೇಳಿ ಪ್ರೊಫೆಸರರು ಹೊಟ್ಟೆ ಹಿಡಿದು ನಕ್ಕರು. ಗಂಡು ಹೆಣ್ಣು ಎರಡನ್ನೂ ಅಂಟಿಸಿ, ಚೀಟಿಯಲ್ಲಿ ನನ್ನ ಹೆಸರಿನ ಪಕ್ಕ ತಾವೇ ನಾಗಿಯ ಹೆಸರನ್ನೂ ಬರೆದರು.

ಆ ಹಾಳೆ ಇನ್ನೂ ಇದೆ, ಹೋದ ತಿಂಗಳಷ್ಟೇ ನೋಡಿ ಬಂದೆ ಎಂದು ಇವತ್ತು ನಾಗಿಗೆ ಹೇಳಿದೆ. ಅವಳಿಗೆ ಅಷ್ಟು ಸಾಲದು.

"ನಾ ಬಿದ್ದದ್ದು ಬರ್ದಿದ್ರಾ?"

"ಇಲ್ಲ."

"ನೀ ಎತ್ತದೇ ಕುಣಿದದ್ದು?"

"ಅದೂ ಇಲ್ಲ."

"ಮತ್ತೆಂತ ಬರ್ದಿದ್ರು ಮಾರಾಯಾ!"

ಅಷ್ಟರಲ್ಲಿ ಗಾಳಿ ಎದ್ದು ಚೆಂಡು ಹೊರಟಿತು. "ಹಿಡಿಯೋ ಅಣ್ಣಾ!" ಎಂದಳು. ಮೊಣಕಾಲು ನೋವಿನ ಈ ಪದವೀಧರ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಓಡಿದ. ಮೀನಿನವರು ನಕ್ಕರು. ನಗಲಿ!